ಮೂರನೆಯ ನಾಝಲ್

ಡೀಸಲ್ ಎಣ್ಣೆ ಒಯ್ಯುವ ಮೂರನೆಯ ಕೊಳವೆಯ ನಟ್ಟು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗಲಿಲ್ಲ. ಒಂದನೆಯದನ್ನು ಸಡಿಲಿಸಿದಾಗ ಅದು ಮುಗ್ಗರಿಸಿತ್ತು, ಎರಡನೆಯದಕ್ಕೆ ಕೆಮ್ಮಿತ್ತು. ಅಂದರೆ ಎಂಜಿನ್ನಿನೊಳಗೆ ಎಣ್ಣೆ ಊದುವ ಆ ಎರಡು ನಾಝಲ್‌ಗಳು ದುಡಿಯುತ್ತಿದ್ದವು, ಬಾಯಿಗೆ ಬರುವ ಎಣ್ಣೆ ತಪ್ಪಿದ ಕೂಡಲೇ ತಕರಾರು ಎತ್ತಿದವು. ಮೂರನೆಯದು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮಿಸ್ತ್ರಿ ಶಂಕ್ರಪ್ಪ ನಟ್ಟು ಬಿಗಿದು, ಮತ್ತೆ ಸಡಿಲಿಸಿ, ಕಿವಿ ಹತ್ತಿರ ಒಯ್ದು ಕೇಳಿದ. ಎಂಜಿನ್ನು ಅದೇ ಕುಂಟು ತಾಳದಲ್ಲಿ ನಡುಗುತ್ತ, ಹಿಂದಿನಿಂದ ಕರಿಹೊಗೆ ಬಿಡುತ್ತ ನಿಂತಿತ್ತು. ಈ ಹಾನಗಲ್ಲಿನಲ್ಲಿ ಇಂಥ ಮೂರನೆಯ ನಾಝಲ್‌ಗಳು ಓಣಿಗೆ ಹತ್ತು ಸಿಗುತ್ತವೆ ಅಂದುಕೊಂಡ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ ಊರು ನಡೆದಿರುವುದೇ ತಮ್ಮಿಂದ ಎಂದು ನಂಬಿದವರು. ಒಬ್ಬೊಬ್ಬರನ್ನೇ ಸಡಿಲಿಸಿ ನೋಡಿದರೆ ಊರಿನ ಸದ್ದು ಎಳ್ಳಷ್ಟೂ ಬದಲಾಗಲಿಕ್ಕಿಲ್ಲ. ಮಾತು ಚೆನ್ನಾಗಿ ಬಂತು ಅನಿಸಿತು. ಆದರೆ ಕೇಳಲು ಅಲ್ಲಿ ಇದ್ದವನು ಡ್ರೈವರ್ ಯಲ್ಲಪ್ಪ ಒಬ್ಬನೇ, ಯಲ್ಲಪ್ಪನಿಗೆ ನಗು ಅಂದರೆ ಯಾರಾದರೂ ಮೊದಲು ನಕ್ಕು ತೋರಿಸಬೇಕು. ಹದಿನೈದು ದಿನದ ಹಿಂದಿನವರೆಗೆ ಭತ್ತದ ಚಕ್ಕಡಿ ಹೊಡೆಯುತ್ತಿದ್ದವನು ಅವನು. ಈಗಲೂ ಬ್ರೇಕು ಒತ್ತುವಾಗ ಬಾಯಲ್ಲಿ ‘ಹೋ’ ಅನ್ನುತ್ತಾನೆ, ತಿರುವಿನಲ್ಲಿ ಮೈಯನ್ನೆಲ್ಲ ಒಂದು ಕಡೆಗೆ ವಾಲಿಸುತ್ತಾನೆ. ಎಂಜಿನ್ ಬಂದ್ ಮಾಡು ಎಂದು ಶಂಕ್ರಪ್ಪ ಕೈ ಸನ್ನೆ ಮಾಡಿದರೆ ಅವನು ಹಾರ್ನ್ ಒತ್ತಿದ. ಎರಡನೆಯ ಸಲ ಹೇಳಿದ ಮೇಲೆ ಬಂದ್ ಮಾಡಿ, ಚಹಾ ಕುಡಿದು ಬರುತ್ತೇನೆಂದು ಹೊರಟು ಹೋದ.

ಸದ್ದು ನಿಂತದ್ದೇ ತಡ, ಷೆಡ್ಡಿನ ಹೊರಗೆ ಬೇವಿನ ಗಿಡದ ಬುಡದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಯಾರೋ ಏನು ಬಂತು, ಹಸನಸಾಬ. ಸವಣೂರಿನಿಂದ ಮೊದಲ ಗಾಡಿಗೆ ಬಂದು ಆಗಿನಿಂದ ಅಲ್ಲೇ ಕೂತಿದ್ದಾನೆ. ಮಂದಿ ಸಾಗಿಸುವ ಈ ಮೋಟಾರನ್ನು ಎರಡು ವರ್ಷ ಓಡಿಸಿದವನು ಅವನೇ. ಬನ್ನಿ ಹಬ್ಬದ ದಿನ ಅವನನ್ನು ಗಾಡಿಯ ಮಾಲಕ ಸಾವ್ಕಾರ ಕುಬೇರಪ್ಪ ಕೆಲಸದಿಂದ ತೆಗೆದುಹಾಕಿದ್ದ, ಎಣ್ಣೆಯಲ್ಲಿ ಏನೋ ಕಲಬೆರಕೆ ಮಾಡಿದ್ದಾನೆ ಎಂದು. ಈಗ ಹುಬ್ಬಳ್ಳಿಯಲ್ಲಿ ಒಬ್ಬರು ಕೆಲಸ ಕೊಡುತ್ತೇವೆ ಅಂದಿದ್ದಾರಂತೆ, ಆದರೆ ಹಿಂದಿನ ಮಾಲಕರ ಕಡೆಯಿಂದ ನಡತೆಯ ಚೀಟಿ ಬೇಕಂತೆ. ಚೀಟಿ ಇಲ್ಲದಿದ್ದರೆ ಕೆಲಸ ಇಲ್ಲ. ನಿನ್ನೆ ಕುಬೇರಪ್ಪ ಅಕ್ಕಿ ಚೀಲಗಳ ನಡುವೆ ಕೂತು ಹೇಳಿಬಿಟ್ಟಿದ್ದ, ಮಿಸ್ತ್ರಿ ಏನು ಹೇಳುತ್ತಾನೋ ಅದನ್ನೇ ಬರೆಯುತ್ತೇನೆ, ಎಂಜಿನ್ನಿನ ಹೊಟ್ಟೆಯೊಳಗಿನದು ನನಗೇನು ಗೊತ್ತು ಎಂದು. ಅಂದರೆ ಚೀಟಿ ಈಗ ಶಂಕ್ರಪ್ಪನ ನಾಲಗೆಯ ಮೇಲೆ ಇತ್ತು. ಮುಂಜಾನೆ ರೊಟ್ಟಿ ಬಡಿಯುತ್ತ ಹೆಂಡತಿ ದಾನವ್ವ ಕೇಳಿದ್ದಳು, ಆ ಮನುಷ್ಯನದು ಏನು ತಪ್ಪಿತ್ತು ಎಂದು. ನಿನಗೆ ಹಿಟ್ಟಿನ ಹದ ತಿಳಿಯುತ್ತದೆ, ಎಂಜಿನ್ನಿನ ಹದ ತಿಳಿಯುತ್ತದೆಯೇ ಎಂದು ಅವನು ಗದರಿದ್ದ. ಅವಳು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. ಆಮೇಲೆ ಅವನು ಒಂದು ರೊಟ್ಟಿ ಬಿಟ್ಟು ಎದ್ದ.

ಹಸನಸಾಬ ಕೂರುವ ರೀತಿಯೇ ಶಂಕ್ರಪ್ಪನಿಗೆ ಸೇರುತ್ತಿರಲಿಲ್ಲ. ಬೇಡಲು ಬಂದವನು ಬೇಡುವವನ ಹಾಗೆ ಕೂರಬೇಕು, ಒಂದಿಷ್ಟು ಗೂನಾಗಿ, ಒಳಗೆ ಕಣ್ಣು ನೆಟ್ಟು. ಇವನು ಗಿಡಕ್ಕೆ ಬೆನ್ನು ಹಚ್ಚಿ, ಮಡಿಲಲ್ಲಿ ಟೊಪ್ಪಿಗೆ ಇಟ್ಟುಕೊಂಡು, ಸಂತೆಗೆ ಹೋಗುವವರನ್ನು ನೋಡುತ್ತ ಕೂತಿದ್ದ. ಯುದ್ಧದಲ್ಲಿ ಮಿಲಿಟರಿ ಲಾರಿ ಹೊಡೆದು ಬಂದವನು, ಆದರೆ ಅದನ್ನು ಎಂದೂ ಕೊಚ್ಚಿಕೊಂಡವನಲ್ಲ. ಅದೂ ಒಂದು ಸೊಕ್ಕು ಎಂದು ಶಂಕ್ರಪ್ಪನ ಲೆಕ್ಕ. ಶಂಕ್ರಪ್ಪನಾದರೋ ಪುಣೆಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೂರು ವರ್ಷ ಇದ್ದದ್ದನ್ನು ಬಂಕಾಪುರದಿಂದ ಹಿರೇಕೆರೂರಿನವರೆಗೆ ಗೊತ್ತಿಲ್ಲದವರು ಉಳಿಯದಂತೆ ಹೇಳಿದ್ದ. ಅಲ್ಲಿ ತಾನು ಮಾಡಿದ್ದು ನಟ್ಟು ಬೋಲ್ಟು ತೊಳೆಯುವ ಕೆಲಸ ಎಂಬುದನ್ನು ಮಾತ್ರ ಹೇಳಿರಲಿಲ್ಲ. ನಾಝಲ್ ಬಿಚ್ಚುವ ಕೋಣೆಗೆ ಅವನಂಥವರು ಕಾಲಿಡುವ ಹಾಗಿರಲಿಲ್ಲ. ಅದಕ್ಕೆ ಗಾಜಿನ ಗೋಡೆ, ಒಳಗೆ ಧೂಳು ಬಾರದಂತೆ ಎರಡು ಬಾಗಿಲು. ಊಟದ ಬಿಡುವಿನಲ್ಲಿ ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದ. ಒಳಗೆ ಬಿಳಿ ಕೋಟಿನವರು ಬಿಳಿಯ ಅರಿವೆಯ ಮೇಲೆ ಸೂಜಿಯಂಥ ಭಾಗಗಳನ್ನು ಸಾಲಾಗಿ ಇಡುತ್ತಿದ್ದರು. ಒಂದು ದಿನ ಒಬ್ಬ ಹವಾಲ್ದಾರ ಹಿಂದಿನಿಂದ ಬಂದು, ಗಾಜಿನ ಮೇಲೆ ಮೂಡಿದ ಅವನ ಉಸಿರಿನ ಹಬೆಯನ್ನು ಅವನ ಟೊಪ್ಪಿಗೆಯಿಂದಲೇ ಒರೆಸಿಸಿದ. ಸುತ್ತಲಿದ್ದವರು ನಕ್ಕರು. ಆ ಟೊಪ್ಪಿಗೆಯನ್ನು ಅವನು ಆಮೇಲೆ ಹಾಕಿಕೊಳ್ಳಲಿಲ್ಲ.

ಮೂರನೆಯ ನಾಝಲನ್ನು ಬಿಚ್ಚಲು ಪಾನಾ ಹಾಕಿದ. ಒಳಗೆ ಏನಿದೆ ಎಂದು ಬಿಚ್ಚುವ ಮೊದಲೇ ಗೊತ್ತಿತ್ತು, ಆದ್ದರಿಂದಲೇ ಬಿಚ್ಚಲು ಮನಸ್ಸಿರಲಿಲ್ಲ. ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ಮುನ್ನಾದಿನ ಕುಬೇರಪ್ಪ ಇದೇ ಷೆಡ್ಡಿಗೆ ಬಂದು, ಎಲ್ಲರೂ ಮೋಟಾರಿನ ಮೋರೆಗೆ ಹಾರ ಹಾಕಿ ಪೂಜೆ ಮುಗಿಸುತ್ತಾರೆ, ನಮ್ಮದು ಈ ಸೀಮೆಗೆಲ್ಲ ಒಂದೇ ಡೀಸಲ್ ಗಾಡಿ, ನಮ್ಮ ಪೂಜೆಯಲ್ಲಿ ಏನು ವಿಶೇಷ ಎಂದು ಕೇಳಿದ್ದ. ಲಿಲಾವಿನಲ್ಲಿ ಕೂಗಿ ಹಿಡಿದ ಮಿಲಿಟರಿ ಲಾರಿಗೆ ಕಟ್ಟಿಗೆಯ ಮೈ ಕಟ್ಟಿಸಿ, ಹಳದಿ ಬಣ್ಣ ಬಳಿಸಿ, ಅದನ್ನು ವಿಮಾನದ ಸಮಕ್ಕೆ ಹೊಗಳುವ ಮನುಷ್ಯ. ಈ ಎಂಜಿನ್ನಿಗೆ ಕಿಡಿ ಇಲ್ಲ ಸಾವ್ಕಾರರೇ, ಎಣ್ಣೆಯನ್ನು ಮಂಜು ಮಾಡಿ ಊದುವ ಈ ಆರು ನಾಝಲ್‌ಗಳಲ್ಲೇ ಇದರ ಜೀವ ಇದೆ ಎಂದು ಶಂಕ್ರಪ್ಪ ಹೇಳಿದ. ಹಾಗಾದರೆ ಅವಕ್ಕೇ ಪೂಜೆ ಆಗಲಿ ಅಂದ ಕುಬೇರಪ್ಪ. ಆಗ ಹೇಳಬಹುದಿತ್ತು. ಕೆಡದ ನಾಝಲನ್ನು ಯಾರೂ ಬಿಚ್ಚುವುದಿಲ್ಲ, ಕೂದಲೆಳೆ ಹೋಗದ ತೂತು ಅದು, ಗಾಳಿಯ ಧೂಳೂ ಅದಕ್ಕೆ ವಿಷ ಎಂದು ಹೇಳಬಹುದಿತ್ತು. ಆದರೆ ಮರುದಿನ ಸಾವ್ಕಾರರ ಹಿರೇಕೆರೂರಿನ ಬೀಗರು ಬರುವವರಿದ್ದರು, ಊರ ಹಿರಿಯರು ಬರುವವರಿದ್ದರು. ಅವರೆಲ್ಲರ ಎದುರು ಆರು ನಾಝಲ್‌ಗಳನ್ನು ಸಾಲಾಗಿ ಇಟ್ಟು ಒಂದೊಂದರ ಕೆಲಸ ವಿವರಿಸುವ ತನ್ನ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಬಿಚ್ಚಿ ಇಡುತ್ತೇನೆ ಅಂದುಬಿಟ್ಟ.

ಮಣೆಯ ಮೇಲೆ ಕುಡುಗೋಲು, ತಕ್ಕಡಿ, ಪಾನಾಗಳ ಜೊತೆಗೆ ಆರು ನಾಝಲ್‌ಗಳು. ಅವುಗಳನ್ನು ಒರೆಸಲು ಕುಬೇರಪ್ಪನ ತಾಯಿ ಮಹಾದೇವಕ್ಕ ಹೊಸ ಅರಿವೆ ಕೊಟ್ಟಳು, ತಾನೇ ನೂತದ್ದು. ಗಾಂಧಿ ಸತ್ತ ತಿಂಗಳಿನಿಂದ ಮಗ ಖಾದಿ ಟೊಪ್ಪಿಗೆ ಹಾಕಿದ್ದ, ತಾಯಿ ತಕಲಿ ಹಿಡಿದಿದ್ದಳು. ಒಬ್ಬರದ್ದು ತಲೆಗೆ ಬಿಗಿ, ಇನ್ನೊಬ್ಬರ ನೂಲು ಗಂಟುಗಂಟು. ತೊಳೆಯದ, ಜಾಡಿಸಿದರೆ ಅರಳೆ ಹಾರುವ ಅರಿವೆ ಅದು. ಹಳೆಯದು ಮೈಲಿಗೆ, ಪೂಜೆಯ ಸಾಮಾನಿಗೆ ಹೊಸದೇ ಆಗಬೇಕು ಅಂದಳು ಮುದುಕಿ. ಶಂಕ್ರಪ್ಪನಿಗೆ ಪುಣೆಯ ಗಾಜಿನಾಚೆಯ ಬಿಳಿ ಅರಿವೆ ನೆನಪಾಗಿ, ಇದೂ ಅದೇ ಅನಿಸಿತು. ಒರೆಸಿದ್ದೇ ಒರೆಸಿದ್ದು. ಆಮೇಲೆ ಮಹಾದೇವಕ್ಕ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಒಂದೊಂದು ನಾಝಲ್ಲಿಗೂ ಮೂರು ಬೆರಳಿಂದ ದಪ್ಪನಾಗಿ ಎಳೆದಳು, ತುದಿಗೂ ಬಿಡಲಿಲ್ಲ. ಬೀಗರು ಕೈಮುಗಿದರು. ಶಂಕ್ರಪ್ಪ ಭಾಷಣ ಮಾಡಿದ. ಯಾರಿಗೂ ಏನೂ ತಿಳಿಯಲಿಲ್ಲ, ಎಲ್ಲರೂ ತಲೆದೂಗಿದರು, ಅವನಿಗೆ ಅಷ್ಟೇ ಸಾಕಾಗಿತ್ತು. ಪೂಜೆ ಮುಗಿದು ಅದೇ ಅರಿವೆಯಿಂದ ಒರೆಸಿ ಮರಳಿ ಕೂಡಿಸುವಾಗ ಹಸನಸಾಬ ಬಾಗಿಲ ಹೊರಗೆ ನಿಂತಿದ್ದವನು ಮೆಲ್ಲಗೆ ಹೇಳಿದ, ಅರಿವೆ ಮುಟ್ಟಿಸಬೇಡಿ ಮಿಸ್ತ್ರಿ, ಎಣ್ಣೆಯಲ್ಲಿ ಬರಿಗೈಯಿಂದ ತೊಳೆದು ಹಸಿಯಾಗಿಯೇ ಕೂಡಿಸಿ, ನಮಗೆ ಫೌಜಿನಲ್ಲಿ ಹಾಗೆ ಕಲಿಸಿದ್ದರು ಎಂದು. ನಿನ್ನ ಕೆಲಸ ಚಕ್ರ ತಿರುಗಿಸುವುದು, ಅದನ್ನು ಸರಿಯಾಗಿ ತಿರುಗಿಸು ಅಂದ ಶಂಕ್ರಪ್ಪ. ಬೀಗರು ನಕ್ಕರು. ಹಸನಸಾಬನೂ ಒಂದಿಷ್ಟು ನಕ್ಕು ಹಿಂದೆ ಸರಿದ.

ಮರುದಿನ ಬನ್ನಿ. ಗಾಡಿ ತುಂಬ ಮಂದಿ, ಮಂದಿಯ ಕೈ ತುಂಬ ಬನ್ನಿ ಎಲೆ. ಬಂಗಾರದ ಹಾಗೆ ಇರೋಣ ಎಂದು ಒಬ್ಬರಿಗೊಬ್ಬರು ಕೊಡುವುದು, ಹೊಸ ಧೋತರದ ಮೇಲೆ ಉಗುಳು ಸಿಡಿಸುತ್ತ ನಗುವುದು. ಮಹಾದೇವಕ್ಕ ಮುಂದಿನ ಸೀಟಿನಲ್ಲಿ ದೇವಿಯ ಹಾಗೆ ಕೂತಿದ್ದಳು. ಹಿರೇಕೆರೂರಿನ ಏರು ಶುರುವಾದದ್ದೇ ಎಂಜಿನ್ನು ಬಡಿದುಕೊಳ್ಳತೊಡಗಿತು, ಕರಿಹೊಗೆ ಒಳಗೆಲ್ಲ ತುಂಬಿತು, ಗಾಡಿ ನಿಂತೇ ಹೋಯಿತು. ಮೊದಲು ಗಂಡಸರು ಇಳಿದು ನೂಕಿದರು. ಆಮೇಲೆ ಹೊಲದಿಂದ ಇಬ್ಬರು ರೈತರು ಎರಡು ಜೋಡಿ ಎತ್ತು ತಂದು ಹಗ್ಗ ಕಟ್ಟಿದರು. ಮುತ್ತೈದೆಯರಿಂದ ಆರತಿ ಎತ್ತಿಸಿಕೊಂಡು ಹೊರಟ ಡೀಸಲ್ ಮೋಟಾರು ನಾಲ್ಕು ಎತ್ತುಗಳ ಹಿಂದೆ ಹಿರೇಕೆರೂರಿನ ಪೇಟೆ ಹೊಕ್ಕಿತು. ಅಂಗಡಿಯವರು ಹೊರಗೆ ಬಂದು ನೋಡಿದರು. ಎಣ್ಣೆಯನ್ನು ಎತ್ತುಗಳಿಗೇ ಕುಡಿಸಿರಿ ಎಂದು ಒಬ್ಬ ಕೂಗಿದ. ಎತ್ತಿನ ಹಿಂದೆ, ಮೋಟಾರಿನ ಮುಂದೆ, ಸೆಗಣಿ ತುಳಿಯುತ್ತ ನಡೆದವನು ಶಂಕ್ರಪ್ಪ. ಕುಬೇರಪ್ಪ ಎಲ್ಲರೆದುರು ಅವನತ್ತ ತಿರುಗಿ ಏನಾಗಿದೆ ಎಂದು ಕೇಳಿದಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: “ಎಣ್ಯಾಗ ಏನೋ ಕೂಡೇತ್ರಿ ಸಾವ್ಕಾರ್ರ.”

ಅವನು ಹೆಸರು ಹೇಳಲಿಲ್ಲ. ಇದನ್ನು ಹದಿನೈದು ದಿನಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ನಾನು ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಎಣ್ಣೆ ತುಂಬಿಸಿಕೊಂಡು ಬಂದದ್ದು ಸವಣೂರಿನಿಂದ, ತುಂಬಿದವನು ಹಸನಸಾಬ, ಹೈದರಾಬಾದಿನ ಗಲಾಟೆ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಮೊನ್ನೆ ಮೊನ್ನೆಯವರೆಗೆ ನವಾಬನ ಊರಾಗಿದ್ದ ಊರಿನವನು, ಅವರ ಮನಸ್ಸಿನಲ್ಲಿ ಏನಿದೆಯೋ ಎಂದು ಗುಂಪಿನಲ್ಲಿ ಯಾರೋ ಅಂದರು. ಯಾರೋ ಅಂದದ್ದನ್ನು ಕುಬೇರಪ್ಪ ಹಿಡಿದುಕೊಂಡ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಕೋತಿ ಒರೆಸುವ ಕಷ್ಟವನ್ನೂ ಪಡಲಿಲ್ಲ, ಊರೇ ಒರೆಸಿಕೊಟ್ಟಿತು. ಹಸನಸಾಬ ಒಂದೇ ಒಂದು ಸಲ ಶಂಕ್ರಪ್ಪನ ಮುಖ ನೋಡಿದ. ಆಮೇಲೆ ಗಾಡಿಯ ಕೀಲಿಕೈಯನ್ನು ಸೀಟಿನ ಮೇಲಿಟ್ಟು, ಹಣೆಯ ಬೆವರು ಒರೆಸಿಕೊಂಡು, ಪೇಟೆಯ ಆಚೆ ನಡೆದುಹೋದ. ಅದೇ ಸಂಜೆ ಶಂಕ್ರಪ್ಪ ಕೆಟ್ಟುಹೋದ ಎರಡು ನಾಝಲ್‌ಗಳನ್ನು ಬಿಚ್ಚಿದ. ತುದಿಯ ತೂತುಗಳಲ್ಲಿ ಬೂದು ಬಣ್ಣದ ಕೆಸರು, ಕೆಸರಿನಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆ. ಅದನ್ನು ಚಿಮಣಿ ಎಣ್ಣೆಯಲ್ಲಿ ತಿಕ್ಕಿ ತೊಳೆದು, ತೊಳೆದ ಎಣ್ಣೆಯನ್ನು ಮಣ್ಣಿಗೆ ಚೆಲ್ಲಿ, ಮೇಲೆ ಕಾಲಿಂದ ಮಣ್ಣು ಎಳೆದ. ತೊಟ್ಟಿಯಲ್ಲಿದ್ದ ಡೀಸಲ್ಲನ್ನೆಲ್ಲ, ಕನ್ನಡಿಯಷ್ಟು ಸ್ವಚ್ಛವಾಗಿದ್ದದ್ದನ್ನು, ಕುಬೇರಪ್ಪನ ಕಣ್ಣೆದುರು ಹಳ್ಳಕ್ಕೆ ಸುರಿಸಿದ. ನೋಡಿದವರೆಲ್ಲ ಎಷ್ಟು ಕಸ ಇದೆ ನೋಡಿ ಅಂದರು. ಇಲ್ಲದ ಕಸವನ್ನು ಕಂಡ ಆ ಕಣ್ಣುಗಳನ್ನು ನೆನೆದರೆ ಇವತ್ತಿಗೂ ಅವನಿಗೆ ಹೇಸಿಗೆಯಾಗುತ್ತದೆ.

ಈಗ ಮೂರನೆಯದು ಕೈಯಲ್ಲಿತ್ತು. ಬಾಯಿಯ ಟೊಪ್ಪಿ ತಿರುಗಿಸಿ ತೆಗೆದ. ಸೂಜಿ ಸುಲಭಕ್ಕೆ ಬರಲಿಲ್ಲ, ಅಂಟಿಕೊಂಡಿತ್ತು. ಎಳೆದಾಗ ಬಂತು, ಜೊತೆಗೆ ಅದೇ ಬೂದು ಕೆಸರು, ಅದೇ ಎಳೆ. ಅಂಗೈಯ ಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದ. ಒಂದು ಗೋದಿಯ ಕಾಳಿನಷ್ಟೂ ಇಲ್ಲ. ಇಷ್ಟಕ್ಕೆ ನಲವತ್ತು ಮಂದಿ ಕೂತ ಗಾಡಿ ನಿಲ್ಲುತ್ತದೆ. ಇದನ್ನು ತೊಳೆದುಬಿಟ್ಟರೆ ಮತ್ತೆ ಯಾರಿಗೂ ಗೊತ್ತಾಗುವುದಿಲ್ಲ, ಹಸನಸಾಬನಿಗಂತೂ ಇಲ್ಲ. ಅವನಿಗೆ ಏನು ತಿಳಿದೀತು, ಫೌಜಿನಲ್ಲಿ ಯಾರೋ ಹೇಳಿಕೊಟ್ಟ ಒಂದು ಮಾತನ್ನು ಗಿಳಿಯ ಹಾಗೆ ಒಪ್ಪಿಸಿದ್ದ, ಅಷ್ಟೇ. ತಿಳಿದಿದ್ದರೆ ಅವತ್ತೇ ಎಲ್ಲರೆದುರು ಕೂಗಿ ಹೇಳುತ್ತಿರಲಿಲ್ಲವೇ? ನಿರಪರಾಧಿ ಆದವನು ಅಷ್ಟು ಸುಮ್ಮನೆ ಕೀಲಿಕೈ ಇಟ್ಟು ಹೋಗುತ್ತಾನೆಯೇ? ಅವನು ಸುಮ್ಮನೆ ಹೋದದ್ದರಿಂದಲೇ ಅಲ್ಲವೇ ಮಂದಿಗೆ ನಂಬಿಕೆ ಬಂದದ್ದು? ಹಾಗೆ ನೋಡಿದರೆ ಅರ್ಧ ತಪ್ಪು ಅವನದೇ. ಈ ಯೋಚನೆ ಬಂದಾಗ ಶಂಕ್ರಪ್ಪನಿಗೆ ಒಂದು ಕ್ಷಣ ಹಗುರಾಯಿತು, ಮರುಕ್ಷಣ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಇವತ್ತು ಹೇಳಿಬಿಡುತ್ತೇನೆ ಅಂದುಕೊಂಡ. ಅಂದುಕೊಂಡದ್ದಕ್ಕೆ ಸಾಕ್ಷಿಯಾಗಿ ಕೆಸರನ್ನು ತೊಳೆಯದೆ ಒಂದು ತಗಡಿನ ಮುಚ್ಚಳದಲ್ಲಿ ತೆಗೆದಿಟ್ಟ. ಆಮೇಲೆ ಯಾರೂ ನೋಡದಂತೆ ಅದರ ಮೇಲೆ ಒಂದು ಕಾಗದ ಮುಚ್ಚಿದ.

ಕುಬೇರಪ್ಪ ಬಂದಾಗ ಬಿಸಿಲು ಷೆಡ್ಡಿನ ನಡುವಿನವರೆಗೆ ಬಂದಿತ್ತು. ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಹಣೆಯ ಮೇಲೆ ಮೂರು ಎಳೆ. ಗೋಣಿಚೀಲದ ಮೇಲೆ ಧೋತರ ಹರಡಿಕೊಂಡು ಕೂತು, ಹೊರಗಿನವನಿಗೆ ಕೇಳಲೆಂದೇ ದನಿ ಎತ್ತಿ ಮಾತು ಶುರುಮಾಡಿದ. ತನ್ನದು ಮೆತ್ತನೆಯ ಮನಸ್ಸು, ಅದೇ ತನ್ನ ದೋಷ. ಬೇರೆಯವರಾಗಿದ್ದರೆ ಪೊಲೀಸರಿಗೆ ಕೊಡುತ್ತಿದ್ದರು. ಗಾಂಧಿಯವರು ಎಲ್ಲರೂ ಒಂದೇ ಅಂದರು, ತಾನೂ ಹಾಗೆಯೇ ತಿಳಿದವನು, ಆದರೆ ಒಂದೇ ಎಂದು ತಿಳಿದವರ ಬೆನ್ನಿಗೇ ಚೂರಿ ಬೀಳುವುದು. ಶಂಕ್ರಪ್ಪ ಕೇಳುತ್ತ ನಿಂತಿದ್ದ. ಈ ಮನುಷ್ಯ ಗಾಂಧಿ ಸತ್ತ ಮೇಲೆ ಟೊಪ್ಪಿಗೆ ಕೊಂಡವನು, ಬದುಕಿದ್ದಾಗ ಕೊಳ್ಳಲು ಧೈರ್ಯ ಸಾಲದವನು. ಇವನ ಎದುರು ಸತ್ಯ ಹೇಳಿದರೆ ಅದು ಚರಂಡಿಗೆ ಹಾಲು ಹೊಯ್ದ ಹಾಗೆ ಅನಿಸಿತು. ಹೇಳುವುದು ಬೇಡ, ಹಸನಸಾಬ ಒಳ್ಳೆಯವನು ಎಂದಷ್ಟೇ ಹೇಳಿ ಚೀಟಿ ಬರೆಸಿದರಾಯಿತು, ಅದರಿಂದ ಅವನ ಕೆಲಸವೂ ಆಗುತ್ತದೆ, ತನ್ನ ಮಾನವೂ ಉಳಿಯುತ್ತದೆ. ಬಾಯಿ ತೆರೆಯುವಷ್ಟರಲ್ಲಿ ಕುಬೇರಪ್ಪ ಬಿಚ್ಚಿಟ್ಟ ಎಂಜಿನ್ನಿನತ್ತ ಗದ್ದ ಚಾಚಿದ.

“ನೀನರ ಏನ್ ಕಡಿಮಿ? ಪುಣೇದಾಗ ಕಲತೇನಿ ಅಂತ ಊರಿಗೆಲ್ಲಾ ಹೇಳ್ತಿ. ಎಣ್ಣಿ ಚೆಲ್ಲಿದಿ, ಡ್ರಾಯವರನ ತಗಸಿದಿ, ಮತ್ತ ಹೊಗಿ ಬಿಡಾಕತ್ತೈತಿ. ಹುಬ್ಬಳ್ಳಿಯಿಂದ ಯಾರನ್ನರ ಬಲ್ಲವರನ್ನ ಕರಸಲೇನು?”

ಬಲ್ಲವರನ್ನ. ಆ ಒಂದು ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಡ್ರೈವರನನ್ನು ತೆಗೆಸಿದ್ದು ತಾನಂತೆ, ಈ ಬಿಳಿ ಅಂಗಿಯ ಮೇಲೆ ಒಂದು ಕಲೆಯೂ ಇಲ್ಲವಂತೆ. ಕಾಗದ ಸರಿಸಿ ತಗಡಿನ ಮುಚ್ಚಳವನ್ನು ಕುಬೇರಪ್ಪನ ಮೂಗಿನ ಕೆಳಗೆ ಹಿಡಿದ. ಆಮೇಲೆ ಎಷ್ಟೋ ಸಲ ನೆನೆದು ನೋಡಿದರೂ ಅವನಿಗೆ ತಪ್ಪದೆ ಹೊಳೆಯುತ್ತಿದ್ದ ಸಂಗತಿ ಇದು: ಸತ್ಯ ಅವನ ಬಾಯಿಂದ ಹೊರಟದ್ದು ಹಸನಸಾಬನ ಮೇಲಿನ ಕರುಣೆಯಿಂದಲ್ಲ, ಕುಬೇರಪ್ಪನನ್ನು ಒಮ್ಮೆ ಚುಚ್ಚಬೇಕೆಂಬ ಸಿಟ್ಟಿನಿಂದ.

“ಎಣ್ಯಾಗ ಏನೂ ಇದ್ದಿಲ್ರಿ. ಆ ಎಣ್ಣಿ ಸ್ವಚ್ಛ ಇತ್ತು. ನಾಝಲ್‌ನ್ಯಾಗ ಸಿಕ್ಕಿದ್ದು ನಿಮ್ಮವ್ವಾರು ಹಚ್ಚಿದ ಇಬತ್ತಿ, ಅವರು ನೂತ ಅರಿವೀ ಎಳಿ. ಬಿಚ್ಚಿದಾಂವ ನಾ, ಒರಸಿದಾಂವ ನಾ. ಹಸನಸಾಬ ಬ್ಯಾಡ ಅಂತ ಹೇಳಿದ್ದ.”

ಕುಬೇರಪ್ಪ ಮುಚ್ಚಳದತ್ತ ಬಾಗಿ, ತೋರುಬೆರಳಿಂದ ಆ ಕೆಸರನ್ನು ಮುಟ್ಟಿ ನೋಡಿದ. ಮುಟ್ಟಿದ ಮೇಲೆ ಫಜೀತಿಗೆ ಬಿದ್ದ. ವಿಭೂತಿ ಅಂದ ಮೇಲೆ ನೆಲಕ್ಕೆ ಒರೆಸುವಂತಿಲ್ಲ, ಎಣ್ಣೆ ಕುಡಿದ ಕರಿಯ ಜಿಡ್ಡನ್ನು ಹಣೆಗೆ ಹಚ್ಚಿಕೊಳ್ಳುವಂತಿಲ್ಲ, ಬಿಳಿ ಅಂಗಿಗಂತೂ ಇಲ್ಲವೇ ಇಲ್ಲ. ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದ. ಕೊನೆಗೆ ಶಂಕ್ರಪ್ಪನ ಹೆಗಲ ಮೇಲಿನ ಚೌಕಕ್ಕೆ ಒರೆಸಿ, ಇದನ್ನು ಬೇರೆ ಯಾರ ಮುಂದಾದರೂ ಹೇಳಿದ್ದೀಯಾ ಎಂದು ಕೇಳಿದ. ಈಗ ಅವನ ದನಿ ತೀರ ಕೆಳಗಿತ್ತು. ಇಲ್ಲ ಅಂದ ಶಂಕ್ರಪ್ಪ.

“ಹೇಳಬ್ಯಾಡ. ನಮ್ಮವ್ವಗ ಎಪ್ಪತ್ತು ವರ್ಷ. ತಾ ಹಚ್ಚಿದ ಇಬತ್ತಿಗೆ ಗಾಡಿ ನಿಂತಿತು ಅಂತ ಕೇಳಿದ್ರ ಅಕಿ ಉಣ್ಣೂದ ಬಿಡ್ತಾಳ. ಇಬತ್ತಿ ಹಚ್ಚಿ ಕೆಟ್ಟಿತು ಅನ್ನೋ ಮಾತು ಮಠದ ತನಕ ಹೋಗೂದೂ ಬ್ಯಾಡ. ಅವಗೂ ಅನ್ಯಾಯ ಆಗೂದು ಬ್ಯಾಡ. ಚೀಟಿ ಬರಕೊಡ್ತೇನಿ, ಆತಿಲ್ಲ?”

ಎಷ್ಟು ಬೇಗ ಎಲ್ಲವೂ ಜಾಗಕ್ಕೆ ಕೂತುಬಿಟ್ಟಿತು! ಶಂಕ್ರಪ್ಪ ಬೈಗುಳ ಬರುತ್ತದೆ ಅಂದುಕೊಂಡಿದ್ದ, ಕೆಲಸ ಹೋಗುತ್ತದೆ ಅಂದುಕೊಂಡಿದ್ದ, ಹೋಗಲಿ, ಕಡೆಗೆ ಒಂದು ಆಶ್ಚರ್ಯವಾದರೂ ಕಾಣುತ್ತದೆ ಅಂದುಕೊಂಡಿದ್ದ. ಕುಬೇರಪ್ಪ ಜೇಬಿನಿಂದ ಕಾಗದ, ಪೆನ್ನು ತೆಗೆದು, ಮಡ್‌ಗಾರ್ಡಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದ. ಬರೆದು ಮುಗಿಸಿ ಓದಿದ. ಹಸನಸಾಬ ಎಂಬವನು ನಮ್ಮಲ್ಲಿ ಎರಡು ವರ್ಷ ಗಾಡಿ ಓಡಿಸಿದ್ದಾನೆ, ಓಡಿಸುವುದರಲ್ಲಿ ಹುಷಾರಿ ಇದ್ದಾನೆ. ಎಣ್ಣೆಯ ವಿಷಯದಲ್ಲಿ ಸಂಶಯ ಬಂದಿದ್ದರೂ ಬಡವನೆಂದು ಕ್ಷಮಿಸಿ ಬಿಟ್ಟಿದ್ದೇವೆ. ಆ ಕೊನೆಯ ಮಾತು ಯಾಕೆ ಎಂದು ಶಂಕ್ರಪ್ಪ ಕೇಳಿದ. ಅದಿಲ್ಲದಿದ್ದರೆ ಹಬ್ಬದ ದಿನ ಯಾಕೆ ತೆಗೆದರು ಎಂದು ಅವರು ಕೇಳುವುದಿಲ್ಲವೇ, ನೀನು ಹೋಗಿ ಉತ್ತರ ಹೇಳುತ್ತೀಯಾ ಅಂದ ಕುಬೇರಪ್ಪ, ಕೆಳಗೆ ನಿನ್ನ ಸಹಿಯೂ ಇರಲಿ, ಮಿಸ್ತ್ರಿಯ ಸಹಿ ಇದ್ದರೆ ಹುಬ್ಬಳ್ಳಿಯವರಿಗೆ ನಂಬಿಕೆ. ಪೆನ್ನು ಚಾಚಿದ. ಹೇಳಬೇಕಾದ್ದನ್ನು ಹೇಳಿಯಾಯಿತು ಎಂದು ಶಂಕ್ರಪ್ಪ ಲೆಕ್ಕ ಹಾಕಿದ. ಕೇಳುವವನು ಕೇಳದಿದ್ದರೆ ಹೇಳಿದವನದೇನು ತಪ್ಪು? ಚೀಟಿ ಸಿಕ್ಕಿತು, ಕೆಲಸ ಸಿಗುತ್ತದೆ, ಅವನ ಹೆಂಡತಿ ಮಕ್ಕಳು ಉಣ್ಣುತ್ತಾರೆ. ಒಂದು ಸಾಲಿನಲ್ಲಿ ಏನಿದೆ, ಅವನು ಓದುತ್ತಾನೆಯೇ? ಇಂಗ್ಲಿಷಿನಲ್ಲಿ ಸಹಿ ಹಾಕಿದ. ಅವನಿಗೆ ಇಂಗ್ಲಿಷಿನಲ್ಲಿ ಬರೆಯಲು ಬರುತ್ತಿದ್ದದ್ದು ತನ್ನ ಹೆಸರು ಮಾತ್ರ, ಅದರ ಕೊನೆಗೆ ಒಂದು ಬಾಲ ಎಳೆಯುವುದನ್ನು ಪುಣೆಯಲ್ಲಿ ಯಾರದೋ ಸಹಿ ನೋಡಿ ಕಲಿತಿದ್ದ. ಬಾಲವನ್ನೂ ಎಳೆದ. ಚೀಟಿ ಹಿಡಿದುಕೊಂಡು ಬೇವಿನ ಗಿಡದತ್ತ ನಡೆಯುವಾಗ ಅವನ ಮನಸ್ಸಿನಲ್ಲಿ ದೊಡ್ಡ ಉಪಕಾರ ಮಾಡಿದವನ ಪ್ರಸನ್ನತೆ ಇತ್ತು. ಹಸನಸಾಬ ಕೈ ಹಿಡಿದುಕೊಂಡರೆ ಏನು ಹೇಳಬೇಕು ಎಂಬುದನ್ನೂ ಯೋಚಿಸಿದ್ದ, ಇರಲಿ ಬಿಡು, ಮನುಷ್ಯ ಮನುಷ್ಯನಿಗೆ ಆಗಬೇಕು ಅನ್ನುವುದೆಂದು.

ಹಸನಸಾಬ ಎದ್ದು ನಿಂತು ಎರಡೂ ಕೈಯಿಂದ ಚೀಟಿ ತೆಗೆದುಕೊಂಡ. ಓದಿದ. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ, ಒಂದೊಂದೇ ಸಾಲನ್ನು ಓದಿದ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಬಾಲ ಎಳೆದ ಸಹಿಯನ್ನೂ ನೋಡಿದ. ಶಂಕ್ರಪ್ಪ ದೂರದಲ್ಲಿ ಬರುತ್ತಿದ್ದ ಚಕ್ಕಡಿಯೊಂದನ್ನು ನೋಡುತ್ತ ನಿಂತ. ಇವನಿಗೆ ಓದಲು ಬರುತ್ತದೆ ಎಂಬುದನ್ನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿ ತಿಳಿದಿರಲಿಲ್ಲ.

“ಒಳಗ ನೀವು ಹೇಳಿದ್ದು ಕೇಳಸ್ತ್ರಿ ಮಿಸ್ತ್ರಿ,” ಅಂದ ಹಸನಸಾಬ. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗ ಅವತ್ತ ಗೊತ್ತಾಗಿತ್ರಿ, ಆ ಏರಿನ್ಯಾಗ ಎಂಜಿನ್ ಬಡಕೊಂಡಾಗ. ಎಣ್ಣಿ ಕೆಟ್ರ ಆರೂ ಕೆಡ್ತಾವು. ಕೆಟ್ಟದ್ದು ಎರಡ.”

ಹಾಗಾದರೆ ಎಲ್ಲರೆದುರು ಯಾಕೆ ಹೇಳಲಿಲ್ಲ ಎಂದು ಶಂಕ್ರಪ್ಪ ಕೇಳಿದ. ಕೇಳಿದ್ದು ಗದರಿದ ಹಾಗೆ ಬಂತು.

“ಏನಂತ ಹೇಳ್ಲಿ? ನಿಮ್ಮ ಇಬತ್ತಿಯಿಂದ ಗಾಡಿ ಕೆಟ್ಟೈತಿ ಅಂತ ನಾ ಹೇಳ್ಲಿ? ಆ ತಿಂಗಳದಾಗ? ಆ ಮಂದಿ ನಡುವ? ಕಳ್ಳ ಅನ್ನಿಸ್ಕೊಂಡ್ರ ಕೆಲಸ ಅಷ್ಟ ಹೋಗತೈತಿ. ಅದನ್ನ ಹೇಳಿದ್ದರ ಓಣಿ ಉರೀತಿತ್ರಿ. ಅಂಜಿದೆ, ಸುಮ್ಮನಾದೆ.” ಆಮೇಲೆ ಕೇಳಿದ, “ನೀವು ಯಾರಿಗೆ ಅಂಜಿ ಸುಮ್ಮನಿದ್ರಿ ಮಿಸ್ತ್ರಿ?”

ಅದು ಚುಚ್ಚು ಮಾತಲ್ಲ. ಚುಚ್ಚು ಮಾತಾಗಿದ್ದರೆ ಶಂಕ್ರಪ್ಪ ಅದಕ್ಕಿಂತ ಹರಿತವಾದದ್ದನ್ನು ಕ್ಷಣದಲ್ಲಿ ತಿರುಗಿಸಿ ಕೊಡುತ್ತಿದ್ದ, ಆ ವಿದ್ಯೆಯಲ್ಲಿ ಅವನನ್ನು ಮೀರಿಸಿದವರು ಈ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಹಸನಸಾಬ ನಿಜವಾಗಿಯೂ ಉತ್ತರಕ್ಕಾಗಿ ನಿಂತಿದ್ದ, ಮುಖ ತುಸು ಮುಂದೆ ಚಾಚಿ, ಕಾದು. ನಿಜ ಹೇಳಿದ್ದರೆ ಶಂಕ್ರಪ್ಪನ ಓಣಿಯನ್ನು ಯಾರೂ ಸುಡುತ್ತಿರಲಿಲ್ಲ. ಅವನ ಮೈ ಮುಟ್ಟುತ್ತಿರಲಿಲ್ಲ. ನಾಲ್ಕು ಜನ ನಗುತ್ತಿದ್ದರು, ಅಷ್ಟೇ. ಯಾರ ಬುದ್ಧಿಗೆ ಎಂದೂ ಕಿಮ್ಮತ್ತು ಕೊಡದೆ ಬಂದಿದ್ದನೋ, ಅದೇ ಜನ ನಕ್ಕಾರೆಂದು ಅಂಜಿದ್ದ. ಕೊನೆಗೆ ಹಸನಸಾಬ ಚೀಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ, ಶಂಕ್ರಪ್ಪನ ಕೈಗೆ ಕೊಟ್ಟ.

“ಇದರಾಗ ಕ್ಷಮಾ ಮಾಡೇವಿ ಅಂತ ಬರದೈತಿ. ಇದು ನಂದಲ್ರಿ.”

ಟೊಪ್ಪಿಗೆ ಹಾಕಿಕೊಂಡು ಅವನು ಬಂಕಾಪುರದ ರಸ್ತೆ ಹಿಡಿದ. ಚೀಟಿ ಇಲ್ಲದೆ ಹುಬ್ಬಳ್ಳಿಯ ಕೆಲಸ ಇಲ್ಲವೆಂದು ಅವನಿಗೆ ಗೊತ್ತಿತ್ತು, ಶಂಕ್ರಪ್ಪನಿಗೂ ಗೊತ್ತಿತ್ತು. ಕೂಗಿ ಕರೆಯಬೇಕು, ಕೊನೆಯ ಸಾಲು ಹೊಡೆದುಹಾಕಿ ಬೇರೆ ಬರೆಸುತ್ತೇನೆ ಅನ್ನಬೇಕು, ಓಡಿ ಹೋಗಿ ಅಡ್ಡ ನಿಲ್ಲಬೇಕು ಎಂದು ಒಂದೊಂದೇ ಅನಿಸುತ್ತ ಹೋಯಿತು. ಅನಿಸುವಷ್ಟರಲ್ಲಿ ಹಸನಸಾಬ ಸಂತೆಯ ಮಂದಿಯ ನಡುವೆ ಸೇರಿಹೋಗಿದ್ದ. ಷೆಡ್ಡಿನೊಳಗಿಂದ ಕುಬೇರಪ್ಪ ಕೂಗಿ ಕೇಳಿದ, “ಏನಪಾ, ತಗೊಂಡನೇನು?”

ಶಂಕ್ರಪ್ಪ ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ತಗೊಂಡ್ರಿ,” ಅಂದ.